ಆಪರೇಷನ್ನಿಗೆ ಮುಂಚಿನ ನಾಲ್ಕು ತಿಂಗಳು: ಮೈಸೂರಿನ ಒಂದು ತೂಕ ಇಳಿಕೆ ಚಿಕಿತ್ಸಾ ವಿಭಾಗದ ವಿಮರ್ಶೆ

ತೂಕ ಇಳಿಸಲು ಮಾಡುವ ನನ್ನ ಹೊಟ್ಟೆಯ ಆಪರೇಷನ್ ಮುಂದಿನ ಸೋಮವಾರಕ್ಕೆ ಗೊತ್ತಾಗಿದೆ. ಅದಕ್ಕೆ ಮುಂಚಿನ ನಾಲ್ಕು ತಿಂಗಳಲ್ಲಿ ಮಂಡ್ಯದಿಂದ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ಬೇರಿಯಾಟ್ರಿಕ್ ವಿಭಾಗಕ್ಕೆ ಏಳು ಸಲ ಹೋಗಿಬಂದಿದ್ದೇನೆ. ಆ ಏಳು ಭೇಟಿಗಳಲ್ಲಿ ಅಲ್ಲಿನವರು ನನ್ನ ಭಯ, ಅನುಮಾನಗಳನ್ನು ಹೇಗೆ ಕೇಳಿಸಿಕೊಂಡರು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಹುಡುಕಿದಾಗ ಕನ್ನಡದಲ್ಲಿ ಸಿಕ್ಕಿದ್ದೆಲ್ಲ ಆಪರೇಷನ್ ಮುಗಿದು ಸಣ್ಣಗಾದವರ ಮಾತುಗಳು. ದಿನ ಗೊತ್ತಾದ ಮೇಲೆ ರಾತ್ರಿ ನಿದ್ದೆ ಬಾರದೆ ಕೂತವರು ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಆಸ್ಪತ್ರೆಯ ಹೆಸರನ್ನು ಹೇಳುತ್ತಿಲ್ಲ. ನಾನು ಕೇಳಿದ ಪ್ರಶ್ನೆಗಳನ್ನು ನೀವು ಯಾವ ಆಸ್ಪತ್ರೆಯಲ್ಲಿ ಬೇಕಾದರೂ ಕೇಳಬಹುದು.

ನನಗೆ 43 ವರ್ಷ. ಮಂಡ್ಯದ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಎತ್ತರ 156 ಸೆಂಟಿಮೀಟರ್, ಮೊದಲ ಭೇಟಿಯ ದಿನ ತೂಕ 108 ಕಿಲೋ, ಅಂದರೆ ಎತ್ತರಕ್ಕೆ ತೂಕ ಎಷ್ಟು ಹೆಚ್ಚು ಎಂದು ತೋರಿಸುವ ಬಿಎಂಐ 44. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಎರಡೂ ಮಂಡಿಗಳು ರೈಲು ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ. ಹತ್ತು ವರ್ಷಗಳಲ್ಲಿ ಮೂರು ಸಲ ಎಂಟರಿಂದ ಹನ್ನೆರಡು ಕಿಲೋ ಇಳಿಸಿದ್ದೇನೆ, ಮೂರು ಸಲವೂ ಇಳಿದಿದ್ದಕ್ಕಿಂತ ಹೆಚ್ಚು ಮರಳಿ ಬಂದಿದೆ. ಬಿಎಂಐ 40 ದಾಟಿದವರಿಗೆ, ಅಥವಾ 35 ದಾಟಿ ಜೊತೆಗೆ ಗಂಭೀರ ಕಾಯಿಲೆಗಳಿರುವವರಿಗೆ ಈ ಆಪರೇಷನ್ ಎಂಬುದು 1991ರಿಂದ ನಡೆದುಬಂದ ಅಳತೆ. 2022ರಲ್ಲಿ ಈ ಶಸ್ತ್ರವೈದ್ಯರ ಎರಡು ಸಂಘಗಳು, ಒಂದು ಅಮೆರಿಕದ್ದು, ಇನ್ನೊಂದು ಅಂತರರಾಷ್ಟ್ರೀಯ, ಅದನ್ನು ಸಡಿಲಿಸಿ, ಬೇರೆ ಕಾಯಿಲೆ ಇರಲಿ ಬಿಡಲಿ 35 ದಾಟಿದವರಿಗೆ ಸಲಹೆ ಮಾಡಬಹುದು, ಏಷ್ಯಾದವರಿಗೆ 27.5ರಿಂದಲೇ ಪರಿಗಣಿಸಬಹುದು ಎಂದು ಹೇಳಿವೆ. ನಮ್ಮಂಥವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಹಿಡಿಯುತ್ತದೆ ಎಂಬುದು ಅದಕ್ಕೆ ಕಾರಣ. ಹಾಗಾಗಿ ನನ್ನ ಅರ್ಹತೆಯ ಬಗ್ಗೆ ಯಾವ ವೈದ್ಯರಿಗೂ ಅನುಮಾನವಿರಲಿಲ್ಲ. ಅನುಮಾನಗಳೆಲ್ಲ ನನ್ನವು.

ಮೈಸೂರಿಗೆ ಹೋಗುವ ಮುಂಚೆ ಬೇರೊಂದು ಊರಿನ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿ ಹತ್ತು ನಿಮಿಷದಲ್ಲಿ ಮಾತು ಮುಗಿಯಿತು. ಒಂದೇ ಒಂದು ರಕ್ತ ಪರೀಕ್ಷೆಯ ವರದಿಯನ್ನೂ ನೋಡದೆ ಸ್ಲೀವ್, ಅಂದರೆ ಜಠರವನ್ನು ಕತ್ತರಿಸಿ ಚಿಕ್ಕದು ಮಾಡುವ ಆಪರೇಷನ್, ಮಾಡೋಣ ಎಂದರು. ಹೊರಗಿನ ಕೋಣೆಯಲ್ಲಿ ಕೂತಿದ್ದವರು ಈ ವಾರವೇ ಮುಂಗಡ ಕಟ್ಟಿದರೆ ಪ್ಯಾಕೇಜಿನಲ್ಲಿ ರಿಯಾಯಿತಿ ಕೊಡುವುದಾಗಿ ಹೇಳಿದರು. ಹೊಟ್ಟೆಯ ಆಪರೇಷನ್ನನ್ನು ಹಬ್ಬದ ಸೀರೆಯಂತೆ ರಿಯಾಯಿತಿಗೆ ಕೊಡುವವರನ್ನು ನಂಬಲು ನನ್ನಿಂದ ಆಗಲಿಲ್ಲ. ಮನೆಗೆ ಬಂದು ಒಂದು ಲೆಕ್ಕದ ಪುಸ್ತಕ ತೆಗೆದುಕೊಂಡು ಮನಸ್ಸಿನಲ್ಲಿದ್ದ ಪ್ರಶ್ನೆಗಳನ್ನೆಲ್ಲ ಬರೆಯುತ್ತಾ ಹೋದೆ. ಮೂವತ್ತೊಂದು ಆದವು.

ಮೈಸೂರಿನ ಡಾಕ್ಟರು ಆ ಪುಸ್ತಕವನ್ನು ಕಂಡು ಬೇಸರಪಡಲಿಲ್ಲ. ಒಂದೇ ದಿನ ಎಲ್ಲವನ್ನೂ ಮುಗಿಸಲಾಗದು, ಪ್ರತಿ ಸಲ ತನ್ನಿ ಎಂದರು. ಮೊದಲನೆಯ ಪ್ರಶ್ನೆ ನೇರವಾಗಿತ್ತು: ನಾನು ಸತ್ತುಹೋದರೆ? ಅವರ ಉತ್ತರವೂ ನೇರವಾಗಿತ್ತು. ಸಣ್ಣ ತೂತುಗಳ ಮೂಲಕ ಮಾಡುವ ಇಂದಿನ ಲ್ಯಾಪರೋಸ್ಕೋಪಿ ವಿಧಾನದಲ್ಲಿ, ಅನುಭವವಿರುವ ಕಡೆ, ಸಾವಿನ ಪ್ರಮಾಣ ಸುಮಾರು ಸಾವಿರಕ್ಕೆ ಒಂದು, ಅಂದರೆ ಪಿತ್ತಕೋಶ ತೆಗೆಯುವ ಆಪರೇಷನ್ನಿನ ಆಸುಪಾಸು. ಸೊನ್ನೆ ಎಂದು ಹೇಳಿದ್ದರೆ ನಾನು ಎದ್ದು ಬರುತ್ತಿದ್ದೆ. ಆಮೇಲೆ ಏನೇನು ಕೆಡಬಹುದು ಎಂಬುದನ್ನು ಅವರೇ ಹಾಳೆಯ ಮೇಲೆ ಬಿಡಿಸಿ ತೋರಿಸಿದರು. ಹೊಲಿಗೆ ಹಾಕಿದ ಜಾಗದಿಂದ ಸೋರಿಕೆಯಾಗಬಹುದು, ರಕ್ತಸ್ರಾವವಾಗಬಹುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಬಹುದು. ಹೆಪ್ಪುಗಟ್ಟದಂತೆ ಚುಚ್ಚುಮದ್ದು ಕೊಡುವುದೂ, ಕಾಲಿಗೆ ಬಿಗಿಯಾದ ಕಾಲುಚೀಲ ತೊಡಿಸುವುದೂ, ಆಪರೇಷನ್ ಆದ ದಿನದ ಸಂಜೆಯೇ ಎಬ್ಬಿಸಿ ನಡೆಸುವುದೂ ಈ ಕಾರಣಕ್ಕೇ. ಮನೆಗೆ ಬಂದ ಮೇಲೆ ನಾಡಿ ಜೋರಾಗಿ ಹೊಡೆದುಕೊಂಡರೆ, ಜ್ವರ ಬಂದರೆ, ಹೊಟ್ಟೆ ನೋವು ಏರುತ್ತಾ ಹೋದರೆ, ಉಸಿರು ಕಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಬರಬೇಕು ಎಂಬುದನ್ನು ನನ್ನ ಯಜಮಾನರಿಂದ ಎರಡು ಸಲ ಹೇಳಿಸಿದರು. ನನ್ನ ಎದೆಯ ಭಾರ ಅಂದು ಮೊದಲ ಬಾರಿಗೆ ಸ್ವಲ್ಪ ಇಳಿಯಿತು. ಏನಾದರೂ ಆದರೆ ಏನು ಮಾಡಬೇಕೆಂಬುದು ಮನೆಯಲ್ಲಿ ಇನ್ನೊಬ್ಬರಿಗೆ ತಿಳಿದಿದೆ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಸಮಾಧಾನ.

ನಾನು ಹೋಗಿದ್ದು ಸ್ಲೀವ್ ಆಪರೇಷನ್ ಬೇಕೆಂದು. ಅದರಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆದು ಬಾಳೆಹಣ್ಣಿನಂಥ ಕೊಳವೆಯನ್ನಷ್ಟೇ ಉಳಿಸುತ್ತಾರೆ; ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವ ಭಾಗವೂ ಅದರ ಜೊತೆಗೆ ಹೋಗುವುದರಿಂದ ಹಸಿವು ತಗ್ಗುತ್ತದೆ. ಆದರೆ ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿಯಲ್ಲಿ ನನ್ನ ಅನ್ನನಾಳದ ಕೆಳತುದಿ ಜಠರದಿಂದ ಮೇಲೆ ಬರುವ ಹುಳಿಯಿಂದ ಹುಣ್ಣಾಗಿರುವುದು ಕಂಡಿತು. ವರ್ಷಗಳಿಂದ ಎದೆಯುರಿಗೆ ನಾನೇ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಿದ್ದೆ. ಸ್ಲೀವ್ ಆದರೆ ಆ ಉರಿ ಹೆಚ್ಚಾಗುವ ಸಂಭವವಿದೆ, ಸಕ್ಕರೆ ಕಾಯಿಲೆಯೂ ಇರುವುದರಿಂದ ನಿಮಗೆ ಜಠರದ ಬೈಪಾಸ್ ಒಳ್ಳೆಯದು ಎಂದು ಡಾಕ್ಟರು ಹೇಳಿದಾಗ ನನಗೆ ನಿಜಕ್ಕೂ ಗಾಬರಿಯಾಯಿತು. ತಿಂಗಳುಗಟ್ಟಲೆ ಒಂದು ಆಪರೇಷನ್ನಿಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದವಳು ಮತ್ತೊಂದಕ್ಕೆ ಮೊದಲಿನಿಂದ ಗಟ್ಟಿ ಮಾಡಿಕೊಳ್ಳಬೇಕಾಯಿತು. ಬೈಪಾಸಿನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಜಠರದ ಉಳಿದ ಭಾಗ ಒಳಗೇ ಇದ್ದರೂ ಊಟ ಅದರೊಳಗೆ ಹೋಗುವುದಿಲ್ಲ. ಬಿ12 ಮತ್ತು ಡಿ ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂಗಳನ್ನು ಬದುಕಿರುವವರೆಗೂ ತೆಗೆದುಕೊಳ್ಳಬೇಕು. ಮಂಡಿನೋವಿಗೆ ನಾನು ನುಂಗುತ್ತಿದ್ದ ಡೈಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ಮುಟ್ಟುವಂತಿಲ್ಲ, ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಇದನ್ನೆಲ್ಲ ಕೇಳಿ ಯೋಚಿಸಲು ಸಮಯ ಬೇಕೆಂದಾಗ ಡಾಕ್ಟರು ಮೂರು ವಾರ ಬಿಟ್ಟು ಬನ್ನಿ ಎಂದರು. ಅಷ್ಟರಲ್ಲಿ ಎಂಡೋಸ್ಕೋಪಿಯಲ್ಲಿ ಸಿಕ್ಕ, ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಿಂದ ಜಠರಕ್ಕೆ ಆಗುವ ಸೋಂಕಿಗೆ ಹದಿನಾಲ್ಕು ದಿನದ ಔಷಧಿಯೂ ಮುಗಿಯಿತು. ಅದೇ ಅವಧಿಯಲ್ಲಿ ಮಾಡಿದ ನಿದ್ರಾ ಪರೀಕ್ಷೆಯಲ್ಲಿ ರಾತ್ರಿ ನನ್ನ ಉಸಿರು ಮತ್ತೆ ಮತ್ತೆ ನಿಲ್ಲುತ್ತದೆ ಎಂದು ಗೊತ್ತಾಗಿ, ಅರಿವಳಿಕೆಗೆ ಮುಂಚೆ ಕೆಲವು ವಾರ ಗಾಳಿ ಒತ್ತಿ ಕೊಡುವ ಯಂತ್ರದ ಮಾಸ್ಕ್ ಹಾಕಿಕೊಂಡು ಮಲಗಲು ಹೇಳಿದರು. ಅವಸರದಲ್ಲಿ ಮೊದಲ ಆಸ್ಪತ್ರೆಯಲ್ಲೇ ಮುಂಗಡ ಕಟ್ಟಿದ್ದರೆ ಇವುಗಳಲ್ಲಿ ಯಾವುದೂ ಆಪರೇಷನ್ನಿಗೆ ಮೊದಲು ತಿಳಿಯುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ಆಪ್ತಸಮಾಲೋಚಕಿಯ ಕೋಣೆಗೆ ನಾನು ಪರೀಕ್ಷೆಗೆ ಹೋಗುವ ಹುಡುಗಿಯಂತೆ ಹೋದೆ. ತಪ್ಪು ಉತ್ತರ ಕೊಟ್ಟರೆ ಆಪರೇಷನ್ ಬೇಡವೆನ್ನುತ್ತಾರೆ ಎಂಬ ಹೆದರಿಕೆ. ಅವರು ಕೇಳಿದ್ದು ಯಾವ ಹೊತ್ತಿನಲ್ಲಿ, ಯಾರಿಗೂ ಕಾಣದಂತೆ, ಏನು ತಿನ್ನುತ್ತೀರಿ ಎಂದು. ಮಾರ್ಚ್ ತಿಂಗಳಲ್ಲಿ ಲೆಕ್ಕ ಮುಗಿಸಿ ರಾತ್ರಿ ಹತ್ತಕ್ಕೆ ಮನೆಗೆ ಬಂದು, ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ತಿನ್ನುವುದನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳಿ ಅತ್ತೆ. ತೂಕ ಇಳಿದಂತೆ ದೇಹ ಹಸಿವನ್ನು ಹೆಚ್ಚಿಸಿ, ಖರ್ಚು ಮಾಡುವ ಶಕ್ತಿಯನ್ನು ತಗ್ಗಿಸಿ ಹಳೆಯ ತೂಕಕ್ಕೆ ಮರಳಲು ನೋಡುತ್ತದೆ, ನಿಮ್ಮ ಮೂರು ಸೋಲುಗಳೂ ಸೋಮಾರಿತನದಿಂದ ಆದವಲ್ಲ ಎಂದು ಅವರು ವಿವರಿಸಿದರು. ಜೊತೆಗೆ, ಮನಸ್ಸಿನ ಹಸಿವನ್ನು ಯಾವ ಆಪರೇಷನ್ನೂ ಕತ್ತರಿಸುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ, ಎರಡು ಭೇಟಿಗಳ ಬದಲು ನಾಲ್ಕು ಭೇಟಿ ಬೇಕೆಂದು ಬರೆದರು. ಈ ವಿಭಾಗದಲ್ಲಿ ನಾನು ಕೊಟ್ಟ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಇದೇ.

ಇನ್ನು ಮುದ್ದೆಯ ವಿಷಯ. ನನ್ನ ಅವ್ವನಿಗೆ ಸಾವಿರಕ್ಕೆ ಒಂದು ಎಂಬ ಲೆಕ್ಕ ಬೇಕಿರಲಿಲ್ಲ. "ಮುದ್ದೆ ಉಣ್ಣಕ್ಕಾಗ್ದಿದ್ ಮೇಲೆ ಏನ್ ಬದುಕು ಮಗಾ?" ಎಂಬುದೊಂದೇ ಅವಳ ಪ್ರಶ್ನೆ. ಅದನ್ನು ನನ್ನ ಪುಸ್ತಕದಲ್ಲಿ ಹದಿನೇಳನೆಯದಾಗಿ ಬರೆದಿದ್ದೆ. ಆಹಾರತಜ್ಞೆ ಮೊದಲು ಕೊಟ್ಟ ಪಟ್ಟಿಯಲ್ಲಿ ಓಟ್ಸ್, ಬ್ರೊಕೋಲಿ, ತೋಫು ಇದ್ದವು. ನಮ್ಮ ಮನೆಯಲ್ಲಿ ಯಾರೂ ಅವನ್ನು ಬೇಯಿಸಿದವರಲ್ಲ. ನಾನು ಆ ಪಟ್ಟಿಯನ್ನು ಹಿಂದಕ್ಕೆ ಕೊಟ್ಟು, ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ ಎಂದು ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಬೈಪಾಸ್ ಆದವರು ಪ್ರತಿ ತುತ್ತನ್ನೂ ನುಣ್ಣಗಾಗುವವರೆಗೆ ಅಗಿಯಬೇಕು. ಇಡೀ ತುತ್ತನ್ನು ನುಂಗಿದರೆ ಜೋಡಣೆಯ ಕಿರಿದಾದ ಬಾಯಲ್ಲಿ ಸಿಕ್ಕಿಕೊಂಡು ನೋವು, ವಾಂತಿ ಆಗುತ್ತದೆ. ನುಂಗುವ ಅಭ್ಯಾಸವಿರುವವರಿಗೆ ಇದನ್ನು ಮುಂಚೆಯೇ ತಿಳಿಸಬೇಕಿತ್ತು ಎಂದು ಅವರೇ ಒಪ್ಪಿಕೊಂಡರು. ಮುಂದಿನ ಭೇಟಿಗೆ ಅವ್ವನನ್ನೂ ಕರೆದುಕೊಂಡು ಹೋದೆ, ಮೂವರೂ ಕೂತು ಹೊಸ ಪಟ್ಟಿ ಮಾಡಿದೆವು. ಮೊದಲ ಎರಡು ವಾರ ದ್ರವಾಹಾರ: ಬಸ್ಸಾರಿನ ಖಾರವಿಲ್ಲದ ಕಟ್ಟು, ತಿಳಿ ಮಜ್ಜಿಗೆ, ಪ್ರೋಟೀನ್ ಪುಡಿ ಕಲಸಿದ ಹಾಲು. ಆಮೇಲೆ ಕಡೆದ ಹೆಸರುಬೇಳೆ, ಮೊಟ್ಟೆ, ಮೊಸರು. ಹಂತ ಹಂತವಾಗಿ ಮೆತ್ತನೆಯ ಊಟ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಮೊದಲು, ಉಳಿದದ್ದು ಆಮೇಲೆ. ಊಟಕ್ಕೂ ನೀರಿಗೂ ನಡುವೆ ಅರ್ಧ ಗಂಟೆ ಬಿಡುವು. ಮೂರು ತಿಂಗಳು ಕಳೆದ ಮೇಲೆ ನಿಂಬೆಹಣ್ಣಿನ ಗಾತ್ರದ ಮೆದು ಮುದ್ದೆ, ಚೂರು ಚೂರಾಗಿ, ಅಗಿದು. ಅವ್ವ ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ಜಾಗ ತೋರಿಸಿ, "ಇಷ್ಟಾದ್ರೂ ಆಯ್ತದಲ್ಲ" ಎಂದಳು. ಬೆಲ್ಲದ ಮಾತು ಬಂದಾಗ ಮಾತ್ರ ಅವಳು ಮೌನವಾದಳು. ನಮ್ಮದು ಕಬ್ಬಿನ ಊರು, ಕಾಫಿಗೂ ಬೆಲ್ಲವೇ. ಬೈಪಾಸ್ ಆದವರು ಸಿಹಿ ತಿಂದರೆ ಅದು ಸರಕ್ಕನೆ ಸಣ್ಣ ಕರುಳಿಗೆ ಇಳಿದು ಎದೆ ಹೊಡೆದುಕೊಳ್ಳುವುದು, ಬೆವರುವುದು, ತಲೆಸುತ್ತು, ಭೇದಿ ಎಲ್ಲವೂ ಆಗಬಹುದು.

ಆಪರೇಷನ್ ಆದ ಮೇಲೆ ಕೂದಲು ಉದುರುವುದು ಮೂರನೆಯ ತಿಂಗಳಿಂದ ಆರನೆಯ ತಿಂಗಳವರೆಗೆ ಹೆಚ್ಚಾಗಿ, ಪೋಷಣೆ ಸರಿಯಾಗಿದ್ದರೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆಯಂತೆ. ಜೋಲುವ ಚರ್ಮ ತಾನಾಗಿ ಪೂರ್ತಿ ಬಿಗಿಯಾಗುವುದಿಲ್ಲವಂತೆ. ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ಔಷಧಿಗಳ ಬಗ್ಗೆಯೂ ಕೇಳಿದೆ. ಅವುಗಳಲ್ಲೊಂದಾದ ತಿರ್ಜೆಪಟೈಡ್ 2025ರ ಮಾರ್ಚ್‌ನಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ. ಡಾಕ್ಟರು ಅದನ್ನು ಹೀಗಳೆಯದೆ ಹಾರ್ಮೋನು ತಜ್ಞರ ಬಳಿ ಕಳಿಸಿದರು. ನಿಲ್ಲಿಸಿದರೆ ಬಹಳ ಜನರಲ್ಲಿ ತೂಕ ಮರಳುತ್ತದೆ ಎಂದು ತಿಳಿದ ಮೇಲೆ, ನನ್ನ ಸಂಬಳದಲ್ಲಿ ವರ್ಷಗಟ್ಟಲೆ ಆ ಖರ್ಚು ಹೊರಲಾಗದೆಂದು ನಾನೇ ಬಿಟ್ಟೆ. ವಿಮೆಯ ವಿಷಯದಲ್ಲಿ ಬಿಎಂಐ 40 ದಾಟಿರುವುದೂ, ಬೇರೆ ದಾರಿಗಳು ಫಲಿಸಿಲ್ಲವೆಂಬ ವೈದ್ಯರ ದಾಖಲೆಯೂ ಉಪಯೋಗಕ್ಕೆ ಬಂದವು. ಹಳೆಯ ಚೀಟಿಗಳನ್ನು ಎಸೆಯಬೇಡಿ.

ದೂರುಗಳನ್ನು ಮರೆಮಾಚುವುದಿಲ್ಲ. ಹತ್ತು ಗಂಟೆಗೆ ಬರಹೇಳಿ ಹನ್ನೆರಡೂವರೆ ದಾಟಿದ ಮೇಲೆ ಒಳಗೆ ಕರೆದ ದಿನಗಳು ಮೂರು. ದಪ್ಪ ಇರುವವರೇ ಬರುವ ವಿಭಾಗದಲ್ಲಿ ಕುರ್ಚಿಗಳಿಗೆಲ್ಲ ಎರಡೂ ಕಡೆ ಕೈಗಳಿವೆ. ಆ ಕೈಗಳ ನಡುವೆ ನಾನು ಹಿಡಿಸುವುದಿಲ್ಲ. ನನಗಿಂತ ದಪ್ಪಗಿದ್ದ ಒಬ್ಬ ಹುಡುಗ ಎರಡು ಗಂಟೆ ಗೋಡೆಗೆ ಒರಗಿ ನಿಂತಿದ್ದ. ತೂಕದ ಯಂತ್ರ ಹೊರಗಿನ ಓಣಿಯಲ್ಲಿತ್ತು, ತೂಕವನ್ನು ಎಲ್ಲರಿಗೂ ಕೇಳುವಂತೆ ಕೂಗಿ ಬರೆಸುತ್ತಿದ್ದರು. ನಾನು ಲಿಖಿತವಾಗಿ ದೂರು ಕೊಟ್ಟ ಮೇಲೆ ನಾಲ್ಕನೆಯ ಭೇಟಿಯ ಹೊತ್ತಿಗೆ ಯಂತ್ರ ಒಳಗಿನ ಕೋಣೆಗೆ ಹೋಗಿತ್ತು. ಕುರ್ಚಿಗಳು ಹಾಗೇ ಇವೆ. ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು: ರಕ್ತದೊತ್ತಡ ನೋಡಲು ದೊಡ್ಡ ತೋಳಿಗೆ ಬೇಕಾದ ಅಗಲದ ಪಟ್ಟಿ ಅಲ್ಲಿ ಮೊದಲ ದಿನದಿಂದಲೂ ಇತ್ತು, ಬೇರೆ ಎಷ್ಟೋ ಕಡೆ ನನಗೆ ಅದು ಸಿಕ್ಕಿಲ್ಲ.

ಮೊದಲು ಗೊತ್ತಾಗಿದ್ದ ದಿನಕ್ಕೆ ಐದು ದಿನ ಮುಂಚೆ ನಾನು ಹೆದರಿ ಮುಂದೂಡಿಸಿದೆ. ಫೋನಿನಲ್ಲಿ ಸಿಸ್ಟರ್ ಕಾರಣ ಕೇಳಿದರು, ಭಯ ಎಂದೆ. ಒಂದು ರೂಪಾಯಿ ಕಳೆಯದೆ ಹೊಸ ದಿನ ಕೊಟ್ಟರು, ಅದೇ ಸಂಜೆ ಡಾಕ್ಟರೇ ಫೋನ್ ಮಾಡಿ ಪುಸ್ತಕದಲ್ಲಿ ಇನ್ನೆಷ್ಟು ಪ್ರಶ್ನೆ ಉಳಿದಿವೆ ಎಂದು ಕೇಳಿದರು. ಈಗ ಎರಡು ವಾರಗಳ ಪಥ್ಯದಲ್ಲಿ ಇಂದು ಒಂಬತ್ತನೆಯ ದಿನ. ಕೊಬ್ಬು ತುಂಬಿದ ಯಕೃತ್ತು ಜಠರದ ಮೇಲೆ ಕವುಚಿಕೊಂಡಿರುತ್ತದೆ, ಅದು ಕುಗ್ಗಿದರೆ ಉಪಕರಣಗಳು ಸುರಕ್ಷಿತವಾಗಿ ಒಳಗೆ ಹೋಗುತ್ತವೆ ಎಂಬುದು ಈ ಪಥ್ಯದ ಉದ್ದೇಶ. ಕಾರಣ ಗೊತ್ತಿರುವುದರಿಂದ ಹಸಿವನ್ನು ತಡೆದುಕೊಳ್ಳುತ್ತಿದ್ದೇನೆ.

ಒಂದು ಕೆಲಸ ಬಾಕಿಯಿದೆ. ಒಪ್ಪಿಗೆ ಪತ್ರ ಆರು ಪುಟಗಳಷ್ಟಿದೆ, ಎಲ್ಲವೂ ಇಂಗ್ಲಿಷ್‌ನಲ್ಲಿ. ನನ್ನ ದೇಹದೊಳಗೆ ಏನು ಮಾಡುತ್ತಾರೆ, ಏನು ತಪ್ಪಬಹುದು ಎಂಬುದಕ್ಕೆ ನಾನು ಸಹಿ ಹಾಕುವ ಕಾಗದ ನನ್ನ ಭಾಷೆಯಲ್ಲಿರಬೇಕೆಂದು ಎರಡು ಸಲ ಕೇಳಿದ್ದೇನೆ. ದಾಖಲಾಗುವ ದಿನದ ಹೊತ್ತಿಗೆ ಕನ್ನಡದ ಪ್ರತಿ ಸಿದ್ಧಪಡಿಸುವುದಾಗಿ ಹೇಳಿದ್ದಾರೆ. ಬಂದರೆ ಅವ್ವನ ಮುಂದೆ ಗಟ್ಟಿಯಾಗಿ ಓದಿ ಸಹಿ ಹಾಕುತ್ತೇನೆ. ಬರದಿದ್ದರೆ ಆರೂ ಪುಟಗಳನ್ನು ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳುವವರೆಗೆ ಪೆನ್ನು ಮುಟ್ಟುವುದಿಲ್ಲ ಎಂದು ಸಿಸ್ಟರ್‌ಗೆ ತಿಳಿಸಿದ್ದೇನೆ.