ಸೈಕ್ಲಿಂಗ್‌ಗೆ ಓಆರ್‌ಎಸ್ ಪುಡಿ: ಸರಕು ಅಪ್ಪಟ, ಪೊಟ್ಟಣದ ಅಳತೆಯೇ ತಲೆನೋವು

ಮೆಡಿಕಲ್ ಶಾಪಿನ ಓಆರ್‌ಎಸ್ ಪೊಟ್ಟಣದ ಮೇಲೆ ನನ್ನ ತಕರಾರು ಒಂದೇ. ಅದು ಒಂದು ಲೀಟರಿಗೆ ಅಳೆದದ್ದು, ಸೈಕಲ್ಲಿನ ಬಾಟಲಿ ಹಿಡಿಯುವುದು 750 ಎಂಎಲ್. ಇಡೀ ಪೊಟ್ಟಣ ಅದಕ್ಕೇ ಸುರಿದರೆ ಲೀಟರಿಗೆ 75 ಮಿಲಿಮೋಲ್ ಇರಬೇಕಾದ ಸೋಡಿಯಂ 100ಕ್ಕೆ ಏರುತ್ತದೆ. ಆಸ್ಮೊಲಾರಿಟಿ, ಅಂದರೆ ನೀರಲ್ಲಿ ಕರಗಿದ ಕಣಗಳ ಒಟ್ಟು ಸಾಂದ್ರತೆ, 245 ಇದ್ದದ್ದು 325 ದಾಟಿ ರಕ್ತಕ್ಕಿಂತ ಗಟ್ಟಿಯಾಗುತ್ತದೆ. ಆಗ ಕರುಳು ನೀರು ಹೀರುವುದು ನಿಧಾನವಾಗಿ, ನಂದಿ ಬೆಟ್ಟದ ಏರಿನಲ್ಲಿ ಹೊಟ್ಟೆ ತೊಳಸಬಹುದು. ಕಣ್ಣಂದಾಜಿನಲ್ಲಿ ಅರ್ಧ ಪೊಟ್ಟಣ ಹಾಕುವುದೂ ಬೇಡ. ಪುಡಿಯೊಳಗೆ ಉಪ್ಪು, ಗ್ಲೂಕೋಸ್ ಎಲ್ಲ ಕಡೆ ಒಂದೇ ಸಮ ಬೆರೆತಿರುತ್ತವೆ ಎಂದು ನಂಬುವಂತಿಲ್ಲ, ಉಳಿದರ್ಧ ತೇವ ಹೀರಿ ಗಂಟು ಕಟ್ಟುತ್ತದೆ. 200 ಎಂಎಲ್‌ನ ಚಿಕ್ಕ ಪೊಟ್ಟಣ ಸಿಕ್ಕರೆ ಮೂರನ್ನು 600 ಎಂಎಲ್‌ಗೆ ಹಾಕಬಹುದು, ಆದರೆ ಎಲ್ಲ ಅಂಗಡಿಯಲ್ಲೂ ಅದು ಇರುವುದಿಲ್ಲ.

ಹಾಗಾಗಿ ಹಿಂದಿನ ರಾತ್ರಿಯ ಕೆಲಸ ಹೀಗೆ: ಕುದಿಸಿ ಆರಿಸಿದ ಒಂದು ಲೀಟರ್ ನೀರು ಅಳೆದಿಟ್ಟುಕೊಂಡು, ಅದರಲ್ಲೇ ಒಂದು ಲೋಟದಷ್ಟಕ್ಕೆ ಪುಡಿ ಹಾಕಿ ಪೂರ್ತಿ ಕರಗಿಸಿ, ಉಳಿದ ನೀರಿಗೆ ಬೆರೆಸಿ ಫ್ರಿಜ್‌ನಲ್ಲಿಡುವುದು. ತಣ್ಣಗಾದರೆ ಉಪ್ಪಿನ ರುಚಿ ಅರ್ಧ ಮರೆಯಾಗುತ್ತದೆ. ಬೆಳಿಗ್ಗೆ ಒಂದು ಬಾಟಲಿಗೆ ಇದು, ಇನ್ನೊಂದಕ್ಕೆ ಬರೀ ನೀರು. ಬಾಯಿ ಉಪ್ಪಾದಾಗ ಒಂದು ಗುಟುಕು ನೀರು. ಉಳಿದದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು.

ಇಷ್ಟು ರಗಳೆಯಿದ್ದೂ ಬಿಡಲಾಗದ್ದಕ್ಕೆ ಕಾರಣ ಇದರ ಕೆಲಸ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಕರುಳಿನ ಗೋಡೆ ದಾಟುವಾಗ ನೀರೂ ಹಿಂದೆಯೇ ಹೋಗುತ್ತದೆ. ಬಾಟಲಿಯಲ್ಲಿ ಬರುವ ಮಾಮೂಲಿ ಸ್ಪೋರ್ಟ್ಸ್ ಡ್ರಿಂಕ್‌ನಲ್ಲಿ ಸೋಡಿಯಂ ಲೀಟರಿಗೆ 20 ಮಿಲಿಮೋಲ್ ಆಸುಪಾಸು, ಸಕ್ಕರೆ ಮಾತ್ರ 60 ಗ್ರಾಂ. ವಿಶ್ರಾಂತಿಯಲ್ಲಿದ್ದವರಿಗೆ ಬೇರೆ ಬೇರೆ ಪಾನೀಯ ಕುಡಿಸಿ ನೋಡಿದ 2016ರ ಬ್ರಿಟಿಷ್ ಅಧ್ಯಯನದಲ್ಲಿ ಓಆರ್‌ಎಸ್ ಮತ್ತು ಹಾಲು ನೀರಿಗಿಂತ ಹೆಚ್ಚು ಹೊತ್ತು ಮೈಯಲ್ಲಿ ಉಳಿದವು. ಸ್ಪೋರ್ಟ್ಸ್ ಡ್ರಿಂಕ್ ನೀರಿನಷ್ಟೇ.

ಆದರೆ ಇದರಲ್ಲಿ ಶಕ್ತಿ ಇಲ್ಲ, ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಅಷ್ಟೇ. ಎರಡು ಗಂಟೆ ಮೀರಿದ ಸವಾರಿಗೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಜೇಬಿನಲ್ಲಿ ಬಾಳೆಹಣ್ಣು, ಖರ್ಜೂರ, ಚಿಕ್ಕಿ ಇರಲಿ. ತಿನ್ನಲಾಗದವರಿಗೆ ಸ್ಪೋರ್ಟ್ಸ್ ಡ್ರಿಂಕೇ ಸರಿ, ಅದರ ಸಕ್ಕರೆ ಅಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಒಂದು ಗಂಟೆಯೊಳಗಿನ ವ್ಯಾಯಾಮಕ್ಕೆ ನೀರು ಸಾಕು. ಎಳನೀರಲ್ಲಿ ಪೊಟ್ಯಾಸಿಯಂ ಧಾರಾಳ, ಬೆವರಲ್ಲಿ ಹೆಚ್ಚಾಗಿ ಹೋಗುವ ಸೋಡಿಯಂ ಕಡಿಮೆ. ಸವಾರಿ ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಅದಕ್ಕಿಂತ ಮೇಲು.

ಎಷ್ಟು ಕುಡಿಯಬೇಕೆಂದು ತೂಕದ ಯಂತ್ರ ಹೇಳುತ್ತದೆ. ಹೊರಡುವಾಗ 62 ಕೆಜಿ, ಒಂದು ಗಂಟೆಯ ನಂತರ 61.2, ನಡುವೆ ಕುಡಿದದ್ದು ಅರ್ಧ ಲೀಟರ್ ಎಂದಾದರೆ ಬೆವರು ಸುಮಾರು 1.3 ಲೀಟರ್. ವಾಪಸಾದಾಗ ತೂಕ ಹೆಚ್ಚಿದ್ದರೆ ಅತಿಯಾಗಿ ಕುಡಿದಂತೆ. ಅದು ರಕ್ತದ ಸೋಡಿಯಂ ಇಳಿಸುತ್ತದೆ, ಅಪಾಯಕಾರಿ. ಬಿಪಿ, ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಓಆರ್‌ಎಸ್ ಮುಟ್ಟಬೇಡಿ.

ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿ. ಸಿಹಿ ಪಾನೀಯಗಳು ಹೆಸರಲ್ಲಿ ಓಆರ್‌ಎಸ್ ಎಂದು ಹಾಕಿಕೊಳ್ಳುವುದನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿದೆ. ಹಳೆಯ ಟೆಟ್ರಾ ಪ್ಯಾಕ್ ಕಪಾಟಿನಲ್ಲಿ ಕಂಡರೆ ಹಿಂಬದಿಯ ಸಕ್ಕರೆ, ಸೋಡಿಯಂ ಅಂಕಿಗಳನ್ನು ಓದದೆ ದುಡ್ಡು ಕೊಡಬೇಡಿ.