ಕೂಲಿಂಗ್ ವೆಸ್ಟ್: ತಂಪು ಪ್ಯಾಕಿನದು, ಕೆಲಸ ಮನೆಯವರದು

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ನರರೋಗ ಇರುವವರಿಗೆ ಕೂಲಿಂಗ್ ವೆಸ್ಟ್ ಕೊಳ್ಳಲು ಹೊರಟವರು ಮೊದಲು ಕೇಳುವುದು, ಎಷ್ಟು ಹೊತ್ತು ತಂಪಿರುತ್ತದೆ ಎಂದು. ಅದಕ್ಕೂ ಮುಂಚೆ ಮನೆಯಲ್ಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಕರಗಿದ ಪ್ಯಾಕನ್ನು ಮತ್ತೆ ಫ್ರೀಜರಿಗೆ ಇಡುವವರು ಯಾರು? ಇದಕ್ಕೆ ಉತ್ತರ ಇಲ್ಲದ ಮನೆಯಲ್ಲಿ ಎಂಥ ಒಳ್ಳೆಯ ವೆಸ್ಟೂ ಮೂರನೇ ವಾರಕ್ಕೆ ಬೀರು ಸೇರುತ್ತದೆ.

ಒಂದೇ ಹೆಸರಿನಲ್ಲಿ ನಾಲ್ಕು ಬಗೆಯವು ಸಿಗುತ್ತವೆ: ನೀರಿನಲ್ಲಿ ನೆನೆಸಿ ಹಾಕುವುದು, ಐಸ್ ಜೆಲ್ ತುಂಬಿದ್ದು, ಪಂಪಿನಿಂದ ತಣ್ಣೀರು ಹರಿಸುವುದು, ಮತ್ತೆ ಫೇಸ್ ಚೇಂಜ್ ಪ್ಯಾಕಿನದು, ಅಂದರೆ ಒಳಗಿನ ಮೇಣದ ಅಥವಾ ಉಪ್ಪಿನ ಆಧಾರದ ವಸ್ತು ಕರಗುತ್ತ ಮೈಯ ಶಾಖ ಹೀರುವುದು. ಇಲ್ಲಿ ಮುಖ್ಯವಾಗಿ ನೋಡುವುದು ಕೊನೆಯದನ್ನು. ಎದೆಗೆ ಎರಡು, ಬೆನ್ನಿಗೆ ಎರಡು ಪ್ಯಾಕ್, ಒಟ್ಟು ಸುಮಾರು 2 ಕೆಜಿ ತೂಕ. ದಿನನಿತ್ಯದ ಬಳಕೆಗೆ ನಾಲ್ಕರಲ್ಲಿ ಹೆಚ್ಚು ಜನಕ್ಕೆ ಹೊಂದುವುದು ಇದೇ. ಎಲ್ಲರಿಗೂ ಅಲ್ಲ, ಅದನ್ನು ಮುಂದೆ ನೋಡೋಣ.

ಮೊದಲು, ಇಷ್ಟೆಲ್ಲ ತಂಪು ಯಾಕೆ ಬೇಕು ಎಂಬ ಮಾತು. ಎಂಎಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬಿದ್ದು ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳ ಮೈಲಿನ್ ಹೊದಿಕೆಯನ್ನು ಹಾಳುಮಾಡುತ್ತದೆ. ಹೊದಿಕೆ ಹೋದ ನರ ಮೈ ತಣ್ಣಗಿರುವಾಗ ಹೇಗೋ ಸಂದೇಶ ದಾಟಿಸಿಕೊಂಡು ಹೋಗುತ್ತದೆ. ಒಳಗಿನ ಉಷ್ಣ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಸಾಕು, ಕೆಲವು ಕಡೆ ದಾಟಿಸುವುದೇ ನಿಂತುಹೋಗುತ್ತದೆ. ಆಗ ಕಣ್ಣು ಮಂಜಾಗುತ್ತದೆ, ಕಾಲು ಎಳೆಯುತ್ತದೆ, ಮಾತು ತೊದಲುತ್ತದೆ. ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಉಟ್‌ಹಾಫ್ 1890ರಲ್ಲಿ ಇದನ್ನು ಗುರುತಿಸಿದ್ದರಿಂದ ಅವರ ಹೆಸರೇ ಇದಕ್ಕೆ ನಿಂತಿದೆ. ಎಂಆರ್‌ಐ ಬರುವ ಮುಂಚೆ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣ ಹೆಚ್ಚುತ್ತದೆಯೇ ಎಂದು ನೋಡುವ ಪರೀಕ್ಷೆಯೂ ಇತ್ತು. ಈಗ ಯಾರೂ ಮಾಡುವುದಿಲ್ಲ, ಮಾಡಲೂ ಬಾರದು.

ಸೆಕೆಗೆ ಹೀಗೆ ಲಕ್ಷಣ ಹೆಚ್ಚುವುದು ರೋಗ ಮರುಕಳಿಸಿದ್ದಲ್ಲ. ನರಕ್ಕೆ ಹೊಸ ಪೆಟ್ಟೇನೂ ಬಿದ್ದಿರುವುದಿಲ್ಲ, ಮೈ ತಣಿದರೆ ಲಕ್ಷಣವೂ ಇಳಿಯುತ್ತದೆ. ಈ ವ್ಯತ್ಯಾಸ ಮನೆಯವರಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಒಂದೋ ಪ್ರತಿ ಸೆಕೆಗೂ ಆಸ್ಪತ್ರೆಗೆ ಓಡುತ್ತಾರೆ, ಇಲ್ಲವೇ "ಬೆಳಿಗ್ಗೆ ಚೆನ್ನಾಗೇ ನಡೀತಿದ್ದೆಯಲ್ಲ" ಎಂದು ಅನುಮಾನಿಸುತ್ತಾರೆ. ಎರಡನೆಯದೇ ಹೆಚ್ಚು ನೋಯಿಸುವುದು.

ಸರಿ, 2 ಕೆಜಿ ಪ್ಯಾಕ್ ಅಷ್ಟು ದೊಡ್ಡ ದೇಹಕ್ಕೆ ಏನು ಮಾಡೀತು? ಲೆಕ್ಕ ಹಾಕಬಹುದು. ಇಂಥ ಮೇಣದ ಜಾತಿಯ ವಸ್ತು ಕರಗುವಾಗ ಕೆಜಿಗೆ ಸುಮಾರು 200 ಕಿಲೋಜೌಲ್ ಶಾಖ ಹೀರುತ್ತದೆ, ಅಂದರೆ 2 ಕೆಜಿಗೆ 400. ಅದರಲ್ಲಿ ಅರ್ಧ ಕೋಣೆಯ ಬಿಸಿಗೇ ಹೋಯಿತು ಎಂದಿಟ್ಟುಕೊಳ್ಳಿ, ಮೈಯಿಂದ ಎಳೆದದ್ದು 200. ಅರವತ್ತು ಕೆಜಿ ತೂಕದ ದೇಹವನ್ನು ಅರ್ಧ ಡಿಗ್ರಿ ಇಳಿಸಲು ತೆಗೆಯಬೇಕಾದ ಶಾಖ ಸುಮಾರು 105 ಕಿಲೋಜೌಲ್. ಕೂತವರ ಮೈ ತಾನೇ ಗಂಟೆಗೆ 360ರಷ್ಟು ಹುಟ್ಟಿಸುತ್ತದೆ, ಅದರ ಬಹುಪಾಲು ಉಸಿರು, ಬೆವರು, ಗಾಳಿಯ ಮೂಲಕ ಹೋಗುತ್ತದೆ. ಹೋಗದೆ ಉಳಿಯುವ ಸ್ವಲ್ಪವೇ ತೊಂದರೆ ಕೊಡುವುದು, ವೆಸ್ಟ್ ಹಿಡಿಯುವುದೂ ಅದನ್ನೇ. ಆದ್ದರಿಂದ ಇದು ಕೂತವರಿಗೆ, ನಿಧಾನ ನಡೆಯುವವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಜೋರಾಗಿ ವ್ಯಾಯಾಮ ಮಾಡುವವರಿಗೆ ಮುಂಚೆಯೇ ಅರ್ಧ ಗಂಟೆ ಹಾಕಿ ತಣಿಸಿಕೊಂಡರೆ ಲಾಭ ಹೆಚ್ಚು. ಮೈ ಕಾದು ಕಾಲು ನಿಂತಮೇಲೆ ಹಾಕಿಕೊಂಡರೆ ಇಳಿಯುವುದಕ್ಕೆ ಕಾಯುತ್ತ ಕೂರಬೇಕು.

ಕೊಳ್ಳುವ ಮುಂಚೆ ಮನೆಯಲ್ಲೇ ಎರಡು ಪರೀಕ್ಷೆ ಮಾಡಿ, ಖರ್ಚಿಲ್ಲ. ಒಂದು: ಸೆಕೆಗೆ ಲಕ್ಷಣ ಹೆಚ್ಚಾದ ದಿನ 25 ಅಡಿ ನೆಲ ಅಳೆದು ಗುರುತು ಹಾಕಿ, ಎಂದಿನಂತೆ ಕೋಲು ಹಿಡಿಯುವವರು ಹಿಡಿದೇ ನಡೆಯಲಿ, ಪಕ್ಕದಲ್ಲಿ ಒಬ್ಬರಿರಲಿ, ಇನ್ನೊಬ್ಬರು ಸೆಕೆಂಡ್ ಎಣಿಸಲಿ. ಆಮೇಲೆ ಕತ್ತು, ಭುಜ, ಎದೆಗೆ ತಣ್ಣೀರಲ್ಲಿ ಅದ್ದಿದ ಟವೆಲ್ ಹಾಕಿ, ಬಿಸಿಯಾದಂತೆ ಬದಲಿಸುತ್ತ ಇಪ್ಪತ್ತು ಮೂವತ್ತು ನಿಮಿಷ ಕೂರಿಸಿ ಮತ್ತೆ ನಡೆಸಿ. ನರರೋಗ ವಿಭಾಗಗಳಲ್ಲಿ ಬಳಸುವುದೂ ಇದೇ 25 ಅಡಿಯ ನಡಿಗೆ, ಸಮಯದಲ್ಲಿ 20 ಶೇಕಡಾ ವ್ಯತ್ಯಾಸ ಬಂದರೆ ಗಣನೆಗೆ ತೆಗೆದುಕೊಳ್ಳುತ್ತಾರೆ. ಬರೀ ಕೂತು ದಣಿವಾರಿಸಿಕೊಂಡರೂ ಸ್ವಲ್ಪ ಸುಧಾರಿಸುತ್ತದೆ. ಹಾಗಾಗಿ ಇನ್ನೊಂದು ದಿನ ಟವೆಲ್ ಇಲ್ಲದೆ ಅಷ್ಟೇ ಹೊತ್ತು ಕೂರಿಸಿ ಹೋಲಿಸಿದರೆ ನಿಜವಾದ ಉತ್ತರ ಸಿಗುತ್ತದೆ. ಎರಡು: ಎದೆಗೂ ಬೆನ್ನಿಗೂ ಸಮನಾಗಿ ಹಂಚಿ 2 ಕೆಜಿ ತೂಕ ಕಟ್ಟಿಕೊಂಡು ಅರ್ಧ ಗಂಟೆ ಇದ್ದು ನೋಡಿ. ನಡು ಸೋಲುವವರಿಗೆ, ತೂಕ ತಪ್ಪಿ ವಾಲುವವರಿಗೆ ತಂಪಿನಿಂದ ಬಂದ ಲಾಭವನ್ನು ಈ ಭಾರವೇ ತಿಂದುಹಾಕುತ್ತದೆ.

ಈಗ ಪ್ಯಾಕಿನ ವಿಷಯ. ಇದರ ಒಳಗಿನ ವಸ್ತು ಸುಮಾರು 15 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಪೂರ್ತಿ ಕರಗುವವರೆಗೆ ಅಲ್ಲೇ ನಿಂತಿರುತ್ತದೆ. ಇದರ ದೊಡ್ಡ ಗುಣವೇ ಅದು. ಐಸಿನ ಸೊನ್ನೆ ಡಿಗ್ರಿ ಚರ್ಮಕ್ಕೆ ತಾಗಿದರೆ ಅಲ್ಲಿನ ರಕ್ತನಾಳಗಳು ಮುದುಡಿ ಒಳಗಿನ ಬಿಸಿ ಒಳಗೇ ಸಿಕ್ಕಿಕೊಳ್ಳುತ್ತದೆ, ನಡುಕ ಹತ್ತಿದರೆ ಮೈ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ. 15 ಡಿಗ್ರಿಯಲ್ಲಿ ಈ ರಗಳೆ ಕಡಿಮೆ. ಗಟ್ಟಿಯಾಗಿಸಲು ಐಸ್ ನೀರಿನ ಬಕೆಟ್ಟೇ ಎಲ್ಲಕ್ಕಿಂತ ಬೇಗ, ಅರ್ಧದಿಂದ ಮುಕ್ಕಾಲು ಗಂಟೆ. ಫ್ರೀಜರಿನಲ್ಲಿ ಇನ್ನೂ ಸ್ವಲ್ಪ ಹೊತ್ತು. ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಕೆಲವು ಗಂಟೆಗಳೇ ಬೇಕು, ಉಪ್ಪಿನ ಆಧಾರದ ಕೆಲವು ಪ್ಯಾಕುಗಳು ಅಲ್ಲಿ ಗಟ್ಟಿಯಾಗಲು ಮೊಂಡಾಟ ಮಾಡುವುದೂ ಉಂಟು. ಆಯಿತೋ ಇಲ್ಲವೋ ತಿಳಿಯಲು ಹೆಬ್ಬೆಟ್ಟಿನಿಂದ ನಡುವೆ ಒತ್ತಿ: ಒಳಗೆ ತೊಳಕ್ ಎಂದು ಸರಿದರೆ ದ್ರವ ಉಳಿದಿದೆ. ಮೇಣದ್ದಾದರೆ ತಿಳಿಯಾಗಿದ್ದದ್ದು ಬೆಳ್ಳಗಾಗುತ್ತದೆ, ನೋಡಿದರೇ ಗೊತ್ತಾಗುತ್ತದೆ.

ಅತಿ ಹೆಚ್ಚು ಮನೆಗಳಲ್ಲಿ ಆಗುವ ತಪ್ಪು ಇಲ್ಲೇ. ಪ್ಯಾಕನ್ನು ಫ್ರೀಜರಿನ ಯಾವುದೋ ಸಂದಿಯಲ್ಲಿ ತುರುಕುತ್ತಾರೆ. ಅದು ಮಡಿಚಿಕೊಂಡೇ ಗಟ್ಟಿಯಾಗುತ್ತದೆ. ಆಮೇಲೆ ವೆಸ್ಟಿನ ಜೇಬಿಗೆ ಹಾಕಿದರೆ ಗೂನು ಬಂದ ಹಲಗೆಯ ಹಾಗೆ ಪಕ್ಕೆಲುಬಿಗೆ ಒತ್ತುತ್ತದೆ, ಉಳಿದ ಕಡೆ ಮೈಗೆ ತಾಗುವುದೇ ಇಲ್ಲ. ತಾಗದ ಪ್ಯಾಕ್ ಕೋಣೆಯನ್ನು ತಂಪು ಮಾಡುತ್ತದೆ ಅಷ್ಟೇ. ಚಪ್ಪಟೆ ತಟ್ಟೆಯ ಮೇಲೆ ಒಂದರ ಪಕ್ಕ ಒಂದು ಮಲಗಿಸಿ ಇಡಿ. ಫ್ರೀಜರಿನಿಂದ ನೇರವಾಗಿ ತೆಗೆದದ್ದು 15 ಡಿಗ್ರಿಯಲ್ಲ, ಮೈನಸ್ 18ರ ಹತ್ತಿರ ಇರುತ್ತದೆ ಎಂಬುದನ್ನೂ ಮರೆಯಬೇಡಿ. ಮೇಲಿನ ಹಿಮದ ಪುಡಿ ಹೋಗುವವರೆಗೆ, ಹತ್ತು ಹದಿನೈದು ನಿಮಿಷ, ಹೊರಗಿಟ್ಟು ಆಮೇಲೆ ಹಾಕಿ.

ಹಾಕುವ ಕ್ರಮ: ಬರಿಮೈ ಮೇಲೆ ಬೇಡ, ತೆಳು ಹತ್ತಿ ಬನಿಯನ್ ಅಥವಾ ಅಂಗಿ ಒಳಗಿರಲಿ. ಪ್ಯಾಕನ್ನು ಮೇಜಿನ ಮೇಲೆಯೇ ವೆಸ್ಟಿಗೆ ತುಂಬಿ, ವೆಸ್ಟ್ ಹಾಕಿಕೊಂಡಮೇಲೆ ಬೆನ್ನಿನ ಜೇಬಿಗೆ ತುಂಬಲು ಹೋದರೆ ಇಬ್ಬರಿಗೂ ಬೆವರು. ಸೋತ ಕಡೆಯ ತೋಳು ಮೊದಲು ಒಳಗೆ, ಗಟ್ಟಿ ತೋಳು ಆಮೇಲೆ. ಬಿಚ್ಚುವಾಗ ಗಟ್ಟಿ ತೋಳು ಮೊದಲು. ಕೂತೇ ಹಾಕಿಸಿ. ವೆಸ್ಟಿನ ಮೇಲೊಂದು ಸಡಿಲ ಅಂಗಿ ತೊಡಿಸಿದರೆ ಹೊರಗಿನ ಬಿಸಿ ಪ್ಯಾಕನ್ನು ಬೇಗ ಕರಗಿಸುವುದಿಲ್ಲ. ಹೀಗೆಲ್ಲ ಮಾಡಿದರೆ ಕೂತವರಿಗೆ ಎರಡರಿಂದ ಮೂರು ಗಂಟೆ ಬಾಳುತ್ತದೆ. ಹವೆಯಲ್ಲಿ ತೇವ ಹೆಚ್ಚಿದ್ದರೆ ಪ್ಯಾಕಿನ ಹೊರಮೈ ಬೆವರುತ್ತದೆ. ಅದು ಸೋರಿಕೆಯಲ್ಲ, ಗಾಳಿಯ ನೀರು. ಮೇಣದ್ದು ಸೋರಿದ್ದಾದರೆ ಜಿಡ್ಡಾಗಿರುತ್ತದೆ. ಅಂಥ ಪ್ಯಾಕನ್ನು ಅಂಟು ಹಚ್ಚಿ ಉಳಿಸಿಕೊಳ್ಳಲು ಹೋಗದೆ ಎಸೆದುಬಿಡಿ, ಮೇಣದ ಜಾತಿಯದಕ್ಕೆ ಬೆಂಕಿಯೂ ಹತ್ತುತ್ತದೆ.

ಮುಂದೆ ಜಿಪ್ ಇರುವ ಮಾದರಿಗಳ ಬಗ್ಗೆ ಒಂದು ತಕರಾರು. ಬೆರಳು ಮರಗಟ್ಟಿದವರು ಜಿಪ್ಪಿನ ಕೆಳತುದಿಯನ್ನು ಕೂಡಿಸಲಾರರು. ಇದನ್ನು ವಿನ್ಯಾಸ ಮಾಡಿದವರು ಯಾಕೆ ಯೋಚಿಸುವುದಿಲ್ಲವೋ! ಎರಡೂ ಪಕ್ಕದಲ್ಲಿ ಅಗಲ ವೆಲ್ಕ್ರೋ ಪಟ್ಟಿ ಇರುವುದನ್ನೇ ಆರಿಸಿ. ಜಿಪ್ಪೇ ಗತಿ ಎಂದಾದರೆ ಎಳೆಯುವ ಗುಂಡಿಗೆ ಬೆರಳು ತೂರುವಷ್ಟು ದೊಡ್ಡ ಉಂಗುರ ಕಟ್ಟಿ. ಎದೆಯ ಸುತ್ತ ಬಿಗಿದು ಕಟ್ಟಿದಂತಾಗುವ ಎಂಎಸ್ ಹಗ್ ಇರುವವರಿಗೆ ಪಕ್ಕದ ಪಟ್ಟಿ ಎಳೆದು ಕಟ್ಟುವುದೇ ಹಿಂಸೆ. ಅಂಥವರಿಗೆ ಕತ್ತಿನ ಪಟ್ಟಿ, ಮುಂಗೈ ಪಟ್ಟಿ ಸಾಕು, ತಂಪು ಕಡಿಮೆಯಾದರೂ ತೊಟ್ಟುಕೊಳ್ಳುವುದಾದರೂ ಆಗುತ್ತದೆ. ತಣ್ಣಗಾದರೆ ಸ್ನಾಯು ಬಿಗಿತ ಹೆಚ್ಚುವವರೂ ಇದ್ದಾರೆ, ಮೊದಲ ದಿನ ಹದಿನೈದು ನಿಮಿಷಕ್ಕೆ ನಿಲ್ಲಿಸಿ ಕಾಲು ಹೇಗಿದೆ ನೋಡಿ.

ಚರ್ಮದ ಸ್ಪರ್ಶ ಕಡಿಮೆಯಾದವರಿಗೆ ತಂಪು ಅತಿಯಾದದ್ದು ತಿಳಿಯುವುದಿಲ್ಲ. ಇಲ್ಲಿ ಮನೆಯವರ ಕಣ್ಣೇ ಬೇಕು: ಹದಿನೈದು ನಿಮಿಷಕ್ಕೊಮ್ಮೆ ಪಟ್ಟಿ ಸಡಿಲಿಸಿ ಎದೆ, ಬೆನ್ನು ನೋಡಿ. ಬಿಳಿಚಿದ್ದರೆ, ಕೆಂಪು ಕಲೆ ಹೋಗದೆ ನಿಂತಿದ್ದರೆ ತೆಗೆಯಿರಿ. ಗಾಲಿಕುರ್ಚಿಯಲ್ಲಿ ಒರಗಿ ಕೂರುವವರಿಗೆ ಬೆನ್ನಿನ ಗಟ್ಟಿ ಪ್ಯಾಕ್ ಒತ್ತಿ ಹುಣ್ಣಾಗುವ ಅಪಾಯ ಇದೆ, ಬೆನ್ನಿನ ಎರಡನ್ನು ತೆಗೆದು ಎದೆಯದು ಮಾತ್ರ ಉಳಿಸಿ. ತಂಪಿಗೆ ಬೆರಳು ನೀಲಿಗಟ್ಟುವ ರೇನಾಡ್ ತೊಂದರೆ, ತಂಪಿಗೆ ದದ್ದು ಏಳುವ ಅಲರ್ಜಿ ಇದ್ದರೆ ವೈದ್ಯರನ್ನು ಕೇಳದೆ ಹಾಕಬೇಡಿ.

ಉಳಿದ ಮೂರನ್ನು ಚುಟುಕಾಗಿ ಹೇಳುವುದಾದರೆ, ನೆನೆಸುವುದು ಹಗುರ, ಫ್ರೀಜರ್ ಬೇಡ, ಒಣ ಹವೆಯಲ್ಲಿ ಫ್ಯಾನಿನ ಮುಂದೆ ಬಹಳ ಚೆನ್ನ. ಹವೆ ತೇವವಾಗಿದ್ದರೆ ನೀರು ಆವಿಯಾಗದೆ ಒದ್ದೆ ಕಂಬಳಿ ಹೊದ್ದಂತೆ. ಒಣಗಿಸದೆ ಮಡಿಚಿಟ್ಟರೆ ವಾಸನೆ, ಬೂಷ್ಟು. ಐಸ್ ಜೆಲ್ಲಿನದು ಹದಿನೈದು ಇಪ್ಪತ್ತು ನಿಮಿಷಕ್ಕೆ ಸರಿ, ದಪ್ಪ ಬಟ್ಟೆ ನಡುವೆ ಇರಲೇಬೇಕು. ಪಂಪಿನದು ಗಗನಯಾತ್ರಿಗಳ ಉಡುಪಿನಿಂದ ಇಳಿದು ಬಂದದ್ದು. ನಾಸಾ ಕೂಡ ಕೈಜೋಡಿಸಿದ್ದ ಎಂಎಸ್ ಅಧ್ಯಯನ 2003ರಲ್ಲಿ ಪ್ರಕಟವಾಯಿತು, ತಣಿಸುವುದರಿಂದ ಸಾಧಾರಣ ಮಟ್ಟದ ಲಾಭ ಇದೆ ಎಂದು ಅದರಲ್ಲಿ ಕಂಡಿತು. ತಂಪು ಗಟ್ಟಿ, ಆದರೆ ಕೊಳವೆಯ ಬಾಲ ಹಿಡಿದುಕೊಂಡು ಓಡಾಡಬೇಕು.

ಮನೆಯ ವ್ಯವಸ್ಥೆಗೆ ಬರೋಣ. ಎರಡು ಸೆಟ್ ಪ್ಯಾಕ್ ಇಲ್ಲದೆ ವೆಸ್ಟ್ ಕೊಳ್ಳಬೇಡಿ. ಒಂದು ಮೈಮೇಲಿದ್ದಾಗ ಇನ್ನೊಂದು ಗಟ್ಟಿಯಾಗುತ್ತಿರಬೇಕು. ಸೆಟ್ಟಿಗೆ ಒಂದು, ಎರಡು ಎಂದು ಅಳಿಸದ ಮಸಿಯಲ್ಲಿ ಬರೆಯಿರಿ, ಇಲ್ಲವಾದರೆ ಅರ್ಧ ಕರಗಿದ್ದೂ ಗಟ್ಟಿಯಾದದ್ದೂ ಬೆರೆತುಹೋಗುತ್ತವೆ. ಎಂಎಸ್‌ನಲ್ಲಿ ಮರೆವೂ ಒಂದು ಲಕ್ಷಣ, ಪ್ಯಾಕ್ ಇಡುವುದನ್ನು ರೋಗಿಯ ನೆನಪಿಗೆ ಬಿಡಬೇಡಿ, "ಯಾರಾದರೂ ಇಡ್ತಾರೆ" ಎಂದೂ ಬಿಡಬೇಡಿ. ಒಬ್ಬರ ಹೆಸರಿಗೆ ಆ ಕೆಲಸ ಇರಲಿ, ಅವರಿಲ್ಲದ ದಿನಕ್ಕೆ ಇನ್ನೊಬ್ಬರ ಹೆಸರು. ಹಾಗೆಂದು ಎಲ್ಲವನ್ನೂ ಮಾಡಿಕೊಡಲೂ ಹೋಗಬೇಡಿ: ಬೆನ್ನಿನ ಕಡೆ ಸರಿಮಾಡಿಕೊಡಿ, ಮುಂದಿನ ಪಟ್ಟಿಯನ್ನು ಅವರೇ ಅಂಟಿಸಿಕೊಳ್ಳಲಿ, ಎರಡು ನಿಮಿಷ ಹೆಚ್ಚಾದರೂ ಕಾಯಿರಿ. ಹಾಕಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವವರೂ ಅವರೇ. ನಾಲ್ಕು ಜನರ ಎದುರು ದಪ್ಪ ವೆಸ್ಟ್ ತೊಡಲು ಮುಜುಗರವಾದರೆ ಹೊರಡುವ ಮುಂಚೆ ಅರ್ಧ ಗಂಟೆ ಹಾಕಿ ಬಿಚ್ಚಿಟ್ಟು ಹೋಗಬಹುದು. ಎರಡನೇ ಸೆಟ್ಟನ್ನು ಶಾಖ ತಡೆಯುವ ಚೀಲದಲ್ಲಿ ಜೊತೆಗೆ ಒಯ್ಯಿರಿ.

ವೆಸ್ಟ್ ಹಾಕಿ ಒಂದೆರಡು ಗಂಟೆ ತಂಪಿನಲ್ಲಿ ಕೂತರೂ ಲಕ್ಷಣ ಇಳಿಯದಿದ್ದರೆ ಥರ್ಮಾಮೀಟರ್ ಇಡಿ, ಮೂತ್ರ ಉರಿಯುತ್ತದೆಯೇ ಕೇಳಿ. ಜ್ವರ, ಮೂತ್ರದ ಸೋಂಕು ಮೈಯನ್ನು ಒಳಗಿನಿಂದಲೇ ಕಾಯಿಸುತ್ತವೆ, ಅದಕ್ಕೆ ಪ್ಯಾಕ್ ಮದ್ದಲ್ಲ, ವೈದ್ಯರಿಗೆ ತೋರಿಸಿ. ಜ್ವರವೂ ಇಲ್ಲ, ಸೋಂಕೂ ಇಲ್ಲ, ಹೊಸ ಲಕ್ಷಣ 24 ಗಂಟೆ ದಾಟಿದರೂ ನಿಂತಿದೆ ಎಂದರೆ ಮರುಕಳಿಸಿರಬಹುದು, ನರತಜ್ಞರಿಗೆ ಅಂದೇ ತಿಳಿಸಿ. ಯಾವಾಗ ಶುರುವಾಯಿತು, ವೆಸ್ಟ್ ಎಷ್ಟು ಹೊತ್ತು ಹಾಕಿತ್ತು, 25 ಅಡಿಗೆ ಎಷ್ಟು ಸೆಕೆಂಡ್ ಹಿಡಿಯಿತು ಎಂಬುದನ್ನು ಬರೆದ ಚೀಟಿಯೂ ಕೈಯಲ್ಲಿರಲಿ.