ರಕ್ತವನ್ನು ಲೆಕ್ಕವಿಟ್ಟು ಬಳಸಿದ ಆಸ್ಪತ್ರೆ: ತಂದೆಯವರ ಬೈಪಾಸ್ ಅನುಭವ

ದಕ್ಷಿಣ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನಮ್ಮ ತಂದೆಯವರಿಗೆ ಬೈಪಾಸ್ ಶಸ್ತ್ರಚಿಕಿತ್ಸೆ ಆಯಿತು. ಅಲ್ಲಿ ರಕ್ತದ ವಿಷಯವನ್ನು ನಿಭಾಯಿಸಿದ ರೀತಿಯ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಆಸ್ಪತ್ರೆ ಆರಿಸುವಾಗ ಆ ಪ್ರಶ್ನೆ ನಮಗೆ ಹೊಳೆದೇ ಇರಲಿಲ್ಲ.

ಮೊದಲ ಭೇಟಿಯಲ್ಲೇ ಅರಿವಳಿಕೆ ತಜ್ಞರು ಮಾತ್ರೆಗಳ ಚೀಟಿ ಕೇಳಿ ಪಡೆದು, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆಯನ್ನು ಶಸ್ತ್ರಚಿಕಿತ್ಸೆಗೆ 5 ದಿನ ಮೊದಲು ನಿಲ್ಲಿಸಬೇಕೆಂದೂ ಆಸ್ಪಿರಿನ್ ಮುಂದುವರಿಸಬೇಕೆಂದೂ ಬರೆದುಕೊಟ್ಟರು. ತಂದೆಯವರ ಹಿಮೋಗ್ಲೋಬಿನ್ 10.6 ಇತ್ತು, ತುರ್ತು ಇಲ್ಲದ್ದರಿಂದ ಮೂರು ವಾರ ಮುಂದೂಡಿ, ಡ್ರಿಪ್ ಮೂಲಕ ಕಬ್ಬಿಣಾಂಶ ಕೊಟ್ಟು, ಅದು 12 ದಾಟಿದ ಮೇಲೆಯೇ ದಿನ ಗೊತ್ತುಮಾಡಿದರು. ಆ ಮೂರು ವಾರ ನಮಗೆ ಬಹಳ ಕಷ್ಟವಾಯಿತು, ಆದರೂ ಅದು ಸರಿಯಾದ ನಿರ್ಧಾರ.

ಶಸ್ತ್ರಚಿಕಿತ್ಸೆಯ ವೇಳೆ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹೃದಯ-ಶ್ವಾಸಕೋಶ ಯಂತ್ರಕ್ಕೆ ಜೋಡಿಸುವ ಮುನ್ನ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡಬೇಕಾಗುತ್ತದೆ. ಯಂತ್ರದ ಕೊಳವೆಗಳಲ್ಲಿರುವ ದ್ರವ ಬೆರೆತು ರಕ್ತ ತೆಳುವಾಗುತ್ತದೆ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳ ಶಕ್ತಿಯೂ ಕುಗ್ಗುತ್ತದೆ. ಕೊನೆಯಲ್ಲಿ ಪ್ರೋಟಮಿನ್ ಕೊಟ್ಟು ಹೆಪಾರಿನ್ನಿನ ಪರಿಣಾಮವನ್ನು ಇಳಿಸಿದರೂ ರಕ್ತ ಒಸರುವ ಭಯ ಉಳಿದೇ ಇರುತ್ತದೆ. ಅದಕ್ಕಾಗಿ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಔಷಧ ಕೊಟ್ಟಿದ್ದಲ್ಲದೆ, ಎದೆಯಲ್ಲಿ ಸುರಿದ ರಕ್ತವನ್ನು ಹೀರಿ, ತೊಳೆದು, ಕೆಂಪು ಕಣಗಳನ್ನು ರೋಗಿಗೇ ಮರಳಿಸುವ ಸೆಲ್ ಸೇವರ್ ಯಂತ್ರವನ್ನೂ ಬಳಸಿದರು.

ಐಸಿಯುನಲ್ಲಿ ನಾನು ಕಂಡದ್ದು ಮಂಚದ ಪಕ್ಕದಲ್ಲಿದ್ದ, ಎದೆಯೊಳಗೆ ಒಸರುವ ರಕ್ತ ಕೊಳವೆಯ ಮೂಲಕ ಬಂದು ಸೇರುವ ಡ್ರೈನ್ ಡಬ್ಬಿ. ಅದರ ಮೇಲೆ ಉದ್ದಕ್ಕೆ ಬಿಳಿ ಪ್ಲಾಸ್ಟರ್ ಅಂಟಿಸಿ, ಸಿಸ್ಟರ್ ಗಂಟೆಗೊಮ್ಮೆ ಬಗ್ಗಿ ನೋಡಿ, ರಕ್ತದ ಮಟ್ಟಕ್ಕೆ ಸರಿಯಾಗಿ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆಯುತ್ತಿದ್ದರು. ಮೊದಲೆರಡು ಗೆರೆಗಳ ನಡುವೆ ಬೆರಳಗಲ ಜಾಗವಿತ್ತು. ರಾತ್ರಿಯ ಹೊತ್ತಿಗೆ ಗೆರೆಗಳು ಒಂದಕ್ಕೊಂದು ಹತ್ತಿಕೊಂಡಿದ್ದವು. ಆ ಹತ್ತಿರವಾದ ಗೆರೆಗಳನ್ನು ನೋಡಿದ ಮೇಲೆಯೇ ನನಗೆ ಉಸಿರು ಬಂದದ್ದು.

ಮರುದಿನ ಹಿಮೋಗ್ಲೋಬಿನ್ 8.1 ಎಂದಾಗ ರಕ್ತ ಏರಿಸಿ ಎಂದು ನಾನೇ ಒತ್ತಾಯಿಸಿದೆ. ಸುಮಾರು 5,000 ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 7.5ಕ್ಕಿಂತ ಕೆಳಗಿಳಿದಾಗ ಮಾತ್ರ ರಕ್ತ ಕೊಟ್ಟವರ ಫಲಿತಾಂಶ, ಮೊದಲೇ ಧಾರಾಳವಾಗಿ ಕೊಟ್ಟವರಿಗಿಂತ ಕಡಿಮೆಯೇನೂ ಆಗಿರಲಿಲ್ಲವೆಂದು ವೈದ್ಯರು ನಿಂತು ವಿವರಿಸಿದರು. ಸಂಜೆ 7.3ಕ್ಕೆ ಇಳಿದಾಗ ಒಂದೇ ಯೂನಿಟ್ ಕೊಟ್ಟು, ಮತ್ತೆ ಪರೀಕ್ಷಿಸಿ, ಎರಡನೆಯದನ್ನು ಕೈಬಿಟ್ಟರು.

ಆದರೆ ಇಷ್ಟು ಎಚ್ಚರ ವಹಿಸಿದ ಆಸ್ಪತ್ರೆಯ ರಕ್ತನಿಧಿಯ ಕೌಂಟರಿನವರು, ಬೆಳಗಾದರೆ ಆಪರೇಷನ್ ಎನ್ನುವಾಗ, ಹಿಂದಿನ ಸಂಜೆ 7 ಗಂಟೆಗೆ ನಾಲ್ವರು ದಾನಿಗಳನ್ನು ಕರೆತನ್ನಿ ಎಂದರು. ತುಮಕೂರಿನಿಂದ ಅಣ್ಣ ರಾತ್ರೋರಾತ್ರಿ ಬಂದ. ನನ್ನ ಸಹೋದ್ಯೋಗಿಯೊಬ್ಬರು ಆಂಟಿಬಯಾಟಿಕ್ ತೆಗೆದುಕೊಳ್ಳುತ್ತಿದ್ದುದರಿಂದ ಅವರನ್ನು ವಾಪಸು ಕಳಿಸಿದರು. ಕಾಯುವುದಕ್ಕೆ ಮೂರು ವಾರ ಕೊಟ್ಟಿದ್ದವರು ಈ ಮಾತನ್ನು ಮೊದಲ ದಿನವೇ ಹೇಳಬಹುದಿತ್ತು. ಬಳಸದ ಯೂನಿಟ್‌ಗಳ ಕ್ರಾಸ್‌ಮ್ಯಾಚ್ (ದಾನಿಯ ರಕ್ತ ರೋಗಿಗೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಶುಲ್ಕ ಬಿಲ್ಲಿನಲ್ಲಿ ಏಕಿದೆ ಎಂಬುದಕ್ಕೂ ಮೂರನೇ ಬಾರಿ ಕೇಳಿದ ಮೇಲೆಯೇ ಉತ್ತರ ಸಿಕ್ಕಿತು.